ತಾಯಿಯ ಹಲ್ಲು

ಆ ಬೆಳಗ್ಗೆ ಗುಬ್ಬಿಯ ಮೇಲೆ ಮಂಜು ದಟ್ಟವಾಗಿ ಕೂತಿತ್ತು. ಸ್ಟೇಷನ್ನಿನಲ್ಲಿ ನಿಂತವರಿಗೆ ನಿಟ್ಟೂರಿನ ಕಡೆಯಿಂದ ಬರುವ ರೈಲಿನ ಸದ್ದು ಮೊದಲು ಕೇಳಿಸಿತು, ದೀಪ ಕಂಡದ್ದು ಎಷ್ಟೋ ಹೊತ್ತಿನ ಮೇಲೆ. ಎಂಬತ್ತೆರಡನೇ ಇಸವಿ, ಸಂಕ್ರಾಂತಿ ಕಳೆದು ನಾಲ್ಕು ದಿನ. ತೆಂಗಿನ ಗರಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಹಾಸಿಗೆ ಹೊಲಿಯುವ ಇಸಾಕ್ ಸಾಬ್ ತನ್ನ ಮಗಳು ಮೆಹರ್ ಬಾನುವನ್ನು ಕರೆದುಕೊಂಡು ತುಮಕೂರಿಗೆ ಹೊರಟು ನಿಂತಿದ್ದ. ಹನ್ನೆರಡು ವರ್ಷದ ಹುಡುಗಿ ಶಾಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ನೋಡಿದವರು ಚಳಿಗೆಂದು ಅಂದುಕೊಳ್ಳಬೇಕು. ಆದರೆ ಅವಳು ಬೇಸಿಗೆಯಲ್ಲೂ ಹಾಗೇ ಏನಾದರೊಂದನ್ನು ಅಡ್ಡ ಹಿಡಿಯುತ್ತಿದ್ದಳು. ಏನೂ ಸಿಗದಿದ್ದರೆ ಕೈ.

ಅವಳ ಮೇಲಿನ ಹಲ್ಲುಗಳು ಮುಂದಕ್ಕೆ ಬಂದಿದ್ದವು. ಎಷ್ಟು ತುಟಿ ಮುಚ್ಚಿದರೂ ಎರಡು ಹಲ್ಲು ಹೊರಗೆ ಇಣುಕುತ್ತಿದ್ದವು. ಕೊಬ್ಬರಿಯ ಊರಿನ ಮಕ್ಕಳು ಹೆಸರಿಡಲು ಬಹಳ ದೂರ ಹೋಗಬೇಕಾಗಿರಲಿಲ್ಲ. "ತುರಿಮಣೆ ಬಂತು, ಕಾಯಿ ತನ್ರೋ" ಎನ್ನುತ್ತಿದ್ದರು. ಮೆಹರ್ ಅಳುತ್ತಿರಲಿಲ್ಲ. ಬಾಯಿಗೆ ಕೈ ಇಟ್ಟುಕೊಂಡು ಅವರ ಜೊತೆ ತಾನೂ ನಕ್ಕುಬಿಡುತ್ತಿದ್ದಳು. ಹಾಗಾಗಿ ಅಪ್ಪನಿಗೆ ಬಹಳ ದಿನ ಏನೂ ತಿಳಿಯಲಿಲ್ಲ.

ತಿಳಿದದ್ದು ಒಂದು ಬೆಳಗ್ಗೆ, ಫಜರ್ ನಮಾಜಿಗೆ ಎದ್ದಾಗ. ಮಲಗಿದ್ದ ಮಗಳ ಬಾಯಿಗೆ ಸುತ್ತಿ, ತಲೆಯ ಹಿಂದೆ ಗಂಟು ಹಾಕಿದ ಒಂದು ಪಟ್ಟಿ ಕಂಡಿತು. ಹಾಸಿಗೆಯ ಅಂಚಿಗೆ ಹೊಲಿಯುವ ದಪ್ಪ ಬಟ್ಟೆಯ ಪಟ್ಟಿ, ಅವನ ಅಂಗಡಿಯದೇ. ಬಿಚ್ಚಿದರೆ ಎರಡೂ ಕೆನ್ನೆಯ ಮೇಲೆ ಕೆಂಪಗೆ ಬರೆ ಎದ್ದಿತ್ತು.

"ಏನಮ್ಮ ಇದು?"

"ದಿನಾ ಕಟ್ಕೊಂಡ್ರೆ ಒಳಗೆ ಹೋಗ್ತವೇನೋ ಅಂತ, ಅಬ್ಬಾ."

"ಎಷ್ಟು ದಿನದಿಂದ ಕಟ್ಕೊಳ್ತಿದೀಯ?"

"ಬಕ್ರೀದ್ ಆದಾಗಿಂದ."

ಬಕ್ರೀದ್ ಆಗಿ ಮೂರು ತಿಂಗಳಾಗಿತ್ತು. ಇಸಾಕ್ ಸಾಬ್ ಆ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೇ ಮಸೀದಿಗೆ ಹೋದ. ನಮಾಜು ಮುಗಿದು ಎಲ್ಲರೂ ಎದ್ದುಹೋದ ಮೇಲೂ ಕೂತೇ ಇದ್ದ.

ಆ ಹಲ್ಲುಗಳ ವಿಚಾರದಲ್ಲಿ ಅವನು ಯಾರಿಗೂ ಹೇಳದ ಒಂದು ಮಾತಿತ್ತು.

ಮೆಹರ್‌ಗೆ ನಾಲ್ಕು ವರ್ಷವಾಗಿದ್ದಾಗ ಅವಳ ತಾಯಿ ಖುರ್ಷಿದಾ ಬೇಗಂ ಕಾಮಾಲೆಯಿಂದ ಹನ್ನೊಂದು ದಿನ ಮಲಗಿ ಹೋಗಿಬಿಟ್ಟಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಕುಣಿಗಲ್‌ನಲ್ಲಿ ನಿಕಾಹ್ ಆದ ದಿನ ಯಾರೋ ಫೋಟೋದವನನ್ನು ಕರೆತಂದಿದ್ದರು; ಅವಳ ತಂದೆ ಅವನಿಗೆ ಊಟ ಹಾಕಿಸಿ, ಪೆಟ್ಟಿಗೆ ಬಿಚ್ಚಿಸದೆ ವಾಪಸ್ ಕಳಿಸಿದ್ದರು. ಇಸಾಕನಿಗೂ ಅದೇ ಸರಿ ಎನಿಸಿತ್ತು. ಕಟ್ಟಿಕೊಂಡವಳ ಮುಖ ಮರೆತುಹೋಗುವಂಥದೇ? ಆದರೆ ಮನುಷ್ಯನನ್ನು ಮಣ್ಣಿನಿಂದ ಮಾಡಿದವನು ಅವನ ನೆನಪನ್ನೂ ಮಣ್ಣಿನಿಂದಲೇ ಮಾಡಿದ್ದಾನೆ. ಅದೂ ಒಣಗುತ್ತದೆ, ಉದುರುತ್ತದೆ. ಮೂರನೇ ವರ್ಷದಲ್ಲಿ ಒಂದು ದಿನ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದವನು ಹೆಂಡತಿಯ ಮುಖವನ್ನು ನೆನೆಸಿಕೊಳ್ಳಲು ಹೋದ. ಕಿವಿಯ ಓಲೆ ಬಂತು, ಬಳೆಯ ಸದ್ದು ಬಂತು, ಮುಖ ಬರಲಿಲ್ಲ. ಬಿಲ್ಲನ್ನು ಗೋಡೆಗೆ ಒರಗಿಸಿ, ಹಾರಾಡುವ ಹತ್ತಿಯ ನಡುವೆ ಕೂತುಬಿಟ್ಟ.

ಅದೇ ಸುಮಾರಿಗೆ ಮಗಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಬರುತ್ತಾ ಬರುತ್ತಾ ಮುಂದಕ್ಕೆ ಚಾಚಿದವು. ಒಂದು ಮಧ್ಯಾಹ್ನ ಮಗು ಏನಕ್ಕೋ ನಕ್ಕಾಗ ಮೇಲ್ದುಟಿ ಹಲ್ಲಿನ ಮೇಲೆ ಸಿಕ್ಕಿಕೊಂಡಂತೆ ಒಂದು ಗಳಿಗೆ ನಿಂತು, ಆಮೇಲೆ ನಿಧಾನವಾಗಿ ಇಳಿಯಿತು. ಇಸಾಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಖುರ್ಷಿದಾ ನಗುತ್ತಿದ್ದದ್ದು ಹಾಗೇ. ಅವತ್ತಿನಿಂದ ಅವಳು ಅವನ ಮನೆಯಲ್ಲೇ ಇದ್ದಳು. ಮಗಳು ನಕ್ಕಾಗಲೆಲ್ಲ ಬಂದು ಹೋಗುತ್ತಿದ್ದಳು.

ಈಗ ಅದೇ ಹಲ್ಲನ್ನು ಒಳಕ್ಕೆ ತಳ್ಳಿಸಲು ಅವನೇ ಎರಡು ಟಿಕೆಟ್ ತೆಗೆದು ರೈಲು ಹತ್ತಿದ.

ತುಮಕೂರಿನ ಹೊರಪೇಟೆಯಲ್ಲಿ ಡಾಕ್ಟರ್ ಮಹಾದೇವಯ್ಯ ಹಲ್ಲಿನ ಷಾಪು ಇಟ್ಟಿದ್ದರು. ಬೆಂಗಳೂರಿನಲ್ಲಿ ಓದಿ ಬಂದವರು. ಮಾತು ಜಾಸ್ತಿ, ಕೈ ಮೆತ್ತಗೆ.

"ಏನ್ ಸಾಬ್ರೇ, ಮಗಳ ಮದುವೆ ವಿಚಾರಕ್ಕೆ ಬಂದ್ರೋ?"

"ಮದುವೆ ಇನ್ನೂ ದೂರ ಸಾರ್. ಮಗು ಬಾಯಿ ಮುಚ್ಕೊಂಡು ಊಟ ಮಾಡ್ತದೆ. ಅದಕ್ಕೆ ಬಂದೆ."

ಡಾಕ್ಟರು ಸ್ಟೂಲನ್ನು ಹುಡುಗಿಯ ಎದುರಿಗೆ ಎಳೆದುಕೊಂಡು ಕೂತರು.

"ನೋಡವ್ವ, ನಿನಗೇ ಹೇಳ್ತೀನಿ, ನಿಮ್ಮಪ್ಪಂಗಲ್ಲ. ಹಲ್ಲು ಅಂದ್ರೆ ಗೋಡೆಗೆ ಹೊಡೆದ ಮೊಳೆ ಅಲ್ಲ. ಮೆಲ್ಲಗೆ ಒಂದೇ ಸಮ ತಳ್ತಾ ಇದ್ರೆ ಮೂಳೆ ಒಳಗೇ ಜರುಗ್ತದೆ. ಅವಸರ ಮಾಡಿದ್ರೆ ಬೇರು ಕೆಡ್ತದೆ. ಈಗ ಜಾಗ ಇಲ್ಲ ನಿನ್ನ ಬಾಯಲ್ಲಿ. ಮೇಲೆರಡು ಕೆಳಗೆರಡು, ಪಕ್ಕದ ನಾಲ್ಕು ಹಲ್ಲು ಕೀಳ್ತೀನಿ. ಆಮೇಲೆ ಒಂದೊಂದು ಹಲ್ಲಿಗೂ ಉಂಗುರ ಹಾಕಿ, ಉಂಗುರಕ್ಕೆ ತಂತಿ ಕಟ್ತೀನಿ. ಜನ ಕ್ಲಿಪ್ ಅಂತಾರಲ್ಲ, ಅದೇ. ತಿಂಗಳಿಗೊಂದು ಸಲ ಬರ್ಬೇಕು, ತಂತಿ ಬಿಗಿ ಮಾಡ್ತೀನಿ. ಬಿಗಿ ಮಾಡಿದಾಗ ಮೂರು ನಾಲ್ಕು ದಿನ ಅನ್ನ ಅಗಿಯೋಕಾಗಲ್ಲ, ಗಂಜಿ ಕುಡೀಬೇಕು. ಕೆನ್ನೆ ಒಳಗಡೆ ಹುಣ್ಣಾಗ್ತದೆ. ಮೇಣ ಕೊಡ್ತೀನಿ, ತಂತಿ ಚುಚ್ಚೋ ಕಡೆ ಅಂಟಿಸ್ಕೋ. ಕೊಬ್ಬರಿ, ಚಕ್ಕುಲಿ, ಕಬ್ಬು ಮುಟ್ಟೋ ಹಾಗಿಲ್ಲ. ಉಂಡಾಗೆಲ್ಲ ಬ್ರಷ್ ಮಾಡ್ಬೇಕು. ಆಯ್ತದಾ?"

"ಎಷ್ಟು ದಿನ ಸಾರ್?" ಎಂದಳು ಮೆಹರ್, ಶಾಲಿನ ಒಳಗಿಂದ.

"ದಿನ ಅಲ್ಲಮ್ಮ. ಎರಡು ವರ್ಷ."

ಅಪ್ಪ ಮಗಳ ಕಡೆ ನೋಡಿದ. ಹೆದರಿ ಬೇಡ ಎನ್ನುತ್ತಾಳೆಂದು ಅವನ ಒಳಗೆ ಯಾವುದೋ ಒಂದು ಮೂಲೆ ಕಾಯುತ್ತಿತ್ತು. ಹುಡುಗಿ ಶಾಲನ್ನು ಕೆಳಗಿಳಿಸಿ ಬಾಯಿ ತೆರೆದಳು.

ಖುರ್ಷಿದಾಳ ಬೆಳ್ಳಿಯ ಕಾಲ್ಗಡಗ ಆ ತಿಂಗಳು ಮನೆ ಬಿಟ್ಟು ಹೋಯಿತು. ಕಿತ್ತ ನಾಲ್ಕು ಹಲ್ಲುಗಳನ್ನು ಇಸಾಕ್ ಕೇಳಿ, ಕಾಗದದಲ್ಲಿ ಕಟ್ಟಿ ತಂದು ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಹೂತ. ಮೈಯಿಂದ ಬಂದದ್ದನ್ನು ಎಸೆಯಬಾರದು, ಮಣ್ಣಿಗೇ ಕೊಡಬೇಕು ಎಂದು ಅವನ ಹಿರಿಯರು ಹೇಳಿದ್ದರು. ಮಣ್ಣು ಎಳೆಯುವಾಗ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಮನೆಯಲ್ಲಿ ಮಗಳನ್ನು ಸಾಕಿದವಳು ಇಸಾಕನ ಅಕ್ಕ, ಗಂಡ ಸತ್ತು ತಮ್ಮನ ಮನೆ ಸೇರಿದ ಜೈನಬ್ ಬೀ. ತಂತಿ ತುಂಬಿದ ಬಾಯಿಯನ್ನು ನೋಡಿ ಅವಳು ಎದೆಗೆ ಕೈ ಇಟ್ಟುಕೊಂಡಳು.

"ಯಾ ಅಲ್ಲಾ! ಮಗೀನ ಬಾಯಿಗೆ ಬೇಲಿ ಹಾಕ್ಸಿದೀಯಲ್ಲೋ ಇಸಾಕ್. ಇದೇನು ಬದನೆಕಾಯಿ ತೋಟ ಏನೋ?"

"ದನ ನುಗ್ಗದಿರ್ಲಿ ಅಂತ ಫುಪ್ಪು" ಎಂದಳು ಮೆಹರ್. ಮಾತು ತಂತಿಗೆ ಸಿಕ್ಕಿ ತೊದಲಿತು. ಮೂವರೂ ನಕ್ಕರು. ನಕ್ಕ ಮೆಹರ್ ನೋವಿಗೆ ಕೆನ್ನೆ ಹಿಡಿದುಕೊಂಡಳು.

ಎರಡು ವರ್ಷ ಹಾಗೇ ಸಾಗಿತು. ರಾಗಿ ಗಂಜಿ, ಉಪ್ಪು ನೀರು, ಮೇಣ, ಹುಣ್ಣು. ತಿಂಗಳಿಗೊಮ್ಮೆ ತುಮಕೂರು. ಹಿಂದಿರುಗುವ ರೈಲಿನಲ್ಲಿ ಹುಡುಗಿ ಕಿಟಕಿಯ ಸರಳಿಗೆ ಹಣೆ ಕೊಟ್ಟು, ಮಾತಿಲ್ಲದೆ ಕಣ್ಣೀರು ಸುರಿಸುತ್ತಿದ್ದಳು. ನಾಲ್ಕನೇ ದಿನ ಕನ್ನಡಿ ಹಿಡಿದು, "ನೋಡಿ ಅಬ್ಬಾ, ಒಂದು ಅಕ್ಕಿಕಾಳಷ್ಟು ಹಿಂದೆ ಹೋಗಿದೆ" ಎನ್ನುತ್ತಿದ್ದಳು. ಇಸಾಕ್ ನೋಡುತ್ತಿದ್ದ. ಹೌದು, ಹೋಗಿತ್ತು. "ಮಾಷಾ ಅಲ್ಲಾ" ಎನ್ನುತ್ತಿದ್ದ. ಆದರೆ ಪ್ರತಿ ಅಕ್ಕಿಕಾಳಿಗೂ ಯಾರೋ ಬಾಗಿಲಿನಿಂದ ಒಂದೊಂದು ಹೆಜ್ಜೆ ಆಚೆ ಇಡುತ್ತಿದ್ದಂತೆ ಅವನಿಗೆ ತೋರುತ್ತಿತ್ತು. ನಗುವಾಗ ತುಟಿ ಸಿಕ್ಕಿಕೊಂಡು ನಿಲ್ಲುವುದು ಮೊದಲನೇ ಮಳೆಗಾಲಕ್ಕೆ ಕಡಿಮೆಯಾಯಿತು. ಎರಡನೆಯ ಮಳೆಗಾಲಕ್ಕೆ ನಿಂತೇಹೋಯಿತು.

ಎಂಬತ್ನಾಲ್ಕರ ಫೆಬ್ರವರಿಯಲ್ಲಿ ಡಾಕ್ಟರು ತಂತಿ, ಉಂಗುರ ಎಲ್ಲ ಬಿಚ್ಚಿದರು. ಮೆಹರ್ ಕನ್ನಡಿಯಲ್ಲಿ ನೋಡಿಕೊಂಡು, ಹಿಂದೆ ಯಾರೋ ನಿಂತಿದ್ದಾರೇನೋ ಎಂಬಂತೆ ತಿರುಗಿ ನೋಡಿದಳು. ಡಾಕ್ಟರು ಹೊಸ ಹಲ್ಲುಸಾಲಿನ ಅಚ್ಚು ತೆಗೆದು, ವಾರ ಬಿಟ್ಟು ಒಂದು ಗುಲಾಬಿ ಬಣ್ಣದ ಪ್ಲೇಟು ಕೊಟ್ಟರು. ಅಂಗುಳಕ್ಕೆ ಅಂಟಿ ಕೂರುವಂಥದು, ಮುಂದೆ ಹಲ್ಲಿಗೆ ಅಡ್ಡವಾಗಿ ಒಂದು ತಂತಿ.

"ಕೆಲಸ ಮುಗೀತು ಅನ್ಕೋಬೇಡಿ. ಹಲ್ಲಿಗೆ ಹಳೇ ಜಾಗದ ಆಸೆ ಇರ್ತದೆ. ಒಂದು ವರ್ಷ ಇದನ್ನ ಹಗಲೂ ರಾತ್ರಿ ಹಾಕ್ಕೊಂಡಿರ್ಬೇಕು. ಊಟಕ್ಕೆ ಮಾತ್ರ ತೆಗಿ, ತೊಳಿ, ಹಾಕ್ಕೋ. ಬಿಟ್ರೆ ವಾಪಸ್ ಹೊರಟುಬಿಡ್ತವೆ."

ಆ ಭಾನುವಾರ ಅಪ್ಪ ಮಗಳು ಕುಣಿಗಲ್‌ಗೆ ಹೋದರು. ಖುರ್ಷಿದಾಳ ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊಮ್ಮಗಳು ಬಂದಾಗಲೆಲ್ಲ ಮುಖವನ್ನು ಬೆರಳಿನಲ್ಲೇ ಸವರಿ ನೋಡುವುದು ಅವರ ರೂಢಿ. ಅವತ್ತೂ ಹಣೆ ಮುಟ್ಟಿದರು, ಮೂಗು ಮುಟ್ಟಿದರು. ತುಟಿಯ ಮೇಲೆ ಬಂದ ಬೆರಳು ನಿಂತಿತು. ಇನ್ನೊಮ್ಮೆ ಸವರಿದರು. ಆಮೇಲೆ ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ಚೆನ್ನಾಗಿದೆ ಬೇಟಿ. ಬಹಳ ಚೆನ್ನಾಗಿದೆ" ಎಂದರು. ಮಗು ನೀರಿಗೆಂದು ಒಳಗೆ ಹೋದಾಗ ಅಳಿಯನ ಕಡೆ ಮುಖ ತಿರುಗಿಸಿ, "ಇಸಾಕ್, ಇನ್ಮೇಲೆ ನನ್ನ ಖುರ್ಷಿದಾನ ಎಲ್ಲಿ ಮುಟ್ಟಿ ನೋಡ್ಲಪ್ಪ?" ಎಂದರು. ಬೈಯುವ ದನಿಯಲ್ಲ. ದಾರಿ ಕೇಳುವ ದನಿ.

ಮೆಹರ್‌ಗೆ ಮಾತ್ರ ಆ ಬೇಸಿಗೆ ಹಬ್ಬದಂತಿತ್ತು. ಮನೆಯ ಮಾತು ಬೇರೆಯಾದರೂ ಅವಳು ಓದುತ್ತಿದ್ದದ್ದು ಕನ್ನಡ ಶಾಲೆಯಲ್ಲಿ, ಉಚ್ಚಾರ ಸ್ಪಷ್ಟ. ಬೆಳಗಿನ ಪ್ರಾರ್ಥನೆಯಲ್ಲಿ ಪೇಪರಿನ ಸುದ್ದಿ ಓದಲು ಮೇಡಂ ಅವಳನ್ನು ನಿಲ್ಲಿಸಿದರು. ಪ್ಲೇಟು ಹಾಕಿಕೊಂಡೇ ಓದುವುದನ್ನು ಅವಳು ವಾರಗಟ್ಟಲೆ ಹಿತ್ತಲಿನಲ್ಲಿ ಅಭ್ಯಾಸ ಮಾಡಿದಳು. ಸೈಕಲ್ಲಿಗೆ ಹಾಸಿಗೆ ಕಟ್ಟಿಕೊಂಡು ಹೋಗುವಾಗ ಇಸಾಕ್ ಶಾಲೆಯ ಕಾಂಪೌಂಡಿನ ಆಚೆ ಕಾಲೂರಿ ನಿಲ್ಲುತ್ತಿದ್ದ. ನೂರಾರು ಮಕ್ಕಳ ಎದುರಿಗೆ, ಎರಡೂ ಕೈಯಲ್ಲಿ ಪೇಪರು ಹಿಡಿದು ಮಗಳು ಓದುತ್ತಿದ್ದಳು. ಎರಡೂ ಕೈಯಲ್ಲಿ.

ಜೂನ್ ಮೊದಲ ದಿನ ರಂಜಾನ್ ಬಂತು. ಮೆಹರ್ ಆ ವರ್ಷ ಮೂವತ್ತು ದಿನದ ರೋಜಾ ಉಪವಾಸ ಪೂರ್ತಿ ಹಿಡಿಯುತ್ತೇನೆಂದು ಹಟ ಹಿಡಿದಳು. ಮೊದಲನೇ ದಿನ ನಸುಕಿನ ಸಹರಿ ಊಟ ಮುಗಿಸಿ, ಪ್ಲೇಟು ತೊಳೆದು ಬಾಯಿಗಿಡಲು ಹೋದವಳನ್ನು ಜೈನಬ್ ಬೀ ತಡೆದಳು.

"ಏಯ್, ರೋಜಾ ಇಟ್ಕೊಂಡು ಬಾಯಲ್ಲಿ ಅದೇನೇ? ದಿನಪೂರ್ತಿ ಚೀಪ್ತಾ ಕೂತ್ರೆ ರೋಜಾ ಉಳೀತದಾ? ತೆಗೆದಿಡು."

"ಡಾಕ್ಟ್ರು ಬಯ್ತಾರೆ ಫುಪ್ಪು."

"ನಿಮ್ಮ ಡಾಕ್ಟ್ರಿಗಿಂತ ಮೇಲೊಬ್ಬ ಡಾಕ್ಟ್ರು ಅವ್ನೆ. ಅವನು ನೋಡ್ಕೊತಾನೆ ಬುಡು."

ಪವಿತ್ರವಾದ ತಿಂಗಳು, ಹಿರಿಯಳ ಮಾತು. ಇಸಾಕನಿಗೂ ಎದುರು ಹೇಳಲು ತೋಚಲಿಲ್ಲ. ಪ್ಲೇಟು ಒಂದು ತಟ್ಟೆಗೂಡಿನ ಮೇಲೆ, ಮುಚ್ಚಳದ ಡಬ್ಬಿಯಲ್ಲಿ ಕೂತಿತು. ಇಫ್ತಾರ್ ಆದ ಮೇಲೆ ಹಾಕಿಕೊಳ್ಳುತ್ತೇನೆಂದು ಹೊರಟವಳಿಗೆ, ದಿನವಿಡೀ ಉಪವಾಸ ಮಾಡಿ, ತಿಂದು, ರಾತ್ರಿಯ ತರಾವೀಹ್ ನಮಾಜಿನ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಒಂದು ದಿನ ಮರೆತಳು, ಎರಡು ದಿನ ಮರೆತಳು. ಆಮೇಲೆ ಡಬ್ಬಿಯ ನೆನಪೇ ಹೋಯಿತು.

ಈದ್ ದಿನ ಬೆಳಗ್ಗೆ ಹೊಸ ಬಟ್ಟೆ ಹಾಕಿಕೊಂಡ ಮೆಹರ್ ಶೀರ್ ಖುರ್ಮಾದ ಬಟ್ಟಲು ಹಿಡಿದು ಅಪ್ಪನ ಎದುರಿಗೆ ಬಂದಳು. "ಈದ್ ಮುಬಾರಕ್ ಅಬ್ಬಾ" ಎಂದು ನಕ್ಕಳು. ಮೇಲ್ದುಟಿ ಹಲ್ಲಿನ ಮೇಲೆ ಒಂದು ಗಳಿಗೆ ಸಿಕ್ಕಿಕೊಂಡಂತೆ ನಿಂತು, ನಿಧಾನವಾಗಿ ಇಳಿಯಿತು.

ಇಸಾಕ್ ಸಾಬ್ ಬಟ್ಟಲು ತೆಗೆದುಕೊಳ್ಳಲಿಲ್ಲ. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟ. ಅವನ ಕಣ್ಣು ತುಂಬಿ ಹರಿಯಿತು. ಹಬ್ಬದ ಸಂತೋಷ ಎಂದುಕೊಂಡಳು ಮಗಳು.

ಮಧ್ಯಾಹ್ನ ಅವಳು ಪ್ಲೇಟು ಹಾಕಿಕೊಳ್ಳಲು ಹೋದರೆ ಅದು ಕೂರಲಿಲ್ಲ. ಕನ್ನಡಿ ನೋಡಿದವಳು ಕಿಟಾರನೆ ಚೀರಿದಳು. ವಿಷಯ ಕೇಳಿದ ಮೌಲ್ವಿ ಸಾಹೇಬರು ತಲೆ ಚಚ್ಚಿಕೊಂಡರು. "ಹೊಟ್ಟೆಗೆ ಹೋಗದ ವಸ್ತು ಬಾಯಲ್ಲಿದ್ರೆ ರೋಜಾ ಯಾಕೆ ಮುರೀತದೆ ಜೈನಬ್ ಬೀ? ಒಂದು ಮಾತು ನನ್ನನ್ನ ಕೇಳೋಕೆ ಏನಾಗಿತ್ತು?" ಜೈನಬ್ ಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತುಮಕೂರಿನಲ್ಲಿ ಡಾಕ್ಟರು ಬಾಯಿ ನೋಡಿ ಬೈಯಲೂ ಇಲ್ಲ, ಅದೇ ಹೆಚ್ಚು ಹೆದರಿಸಿತು. "ಪೂರ್ತಿ ಹಳೇ ಜಾಗಕ್ಕೆ ಹೋಗಿಲ್ಲ. ಅವನ ದಯೆ. ಒತ್ತಿ ಹಾಕ್ಕೋಬೇಕು, ನೋವಾಗ್ತದೆ. ಊಟಕ್ಕೆ ಬಿಟ್ರೆ ಒಂದು ಗಳಿಗೇನೂ ತೆಗೀಬಾರದು. ಹತ್ತು ದಿನಕ್ಕೆ ತಾನಾಗೇ ಕೂರ್ತದೆ." ಆಮೇಲೆ ಅಪ್ಪನ ಕಡೆ ತಿರುಗಿ, "ಸಾಬ್ರೇ, ಇನ್ನೊಂದು ತಿಂಗಳು ಹಿಂಗೇ ಬಿಟ್ರೆ ಪ್ಲೇಟೂ ಕೂರಲ್ಲ, ಏನೂ ಕೂರಲ್ಲ. ಮಗು ಪಟ್ಟ ಎರಡು ವರ್ಷದ ಕಷ್ಟ ದಂಡ. ಮತ್ತೆ ಮೊದಲಿಂದ ಅಂದ್ರೆ ನನ್ನ ಕೈಲಾಗಲ್ಲ" ಎಂದರು.

ಮೆಹರ್ ಒತ್ತಿ ಹಾಕಿಕೊಂಡಳು. ರೈಲಿನಲ್ಲಿ ನೋವಿಗೆ ಅವಳ ದವಡೆ ನಡುಗುತ್ತಿತ್ತು.

ಮರುದಿನ ಬೆಳಗ್ಗೆ ತಿಂಡಿ ತಿನ್ನಲು ತೆಗೆದು ಡಬ್ಬಿಯಲ್ಲಿಟ್ಟ ಪ್ಲೇಟು, ಕೈ ತೊಳೆದು ಬರುವಷ್ಟರಲ್ಲಿ ಅಲ್ಲಿರಲಿಲ್ಲ.

ಮೂರು ಹೊತ್ತು ಹುಡುಕಿದರು. ಮೆಹರ್ ತಿಪ್ಪೆಯನ್ನು ಬರಿಗೈಯಲ್ಲಿ ಕೆದಕಿದಳು. ಜೈನಬ್ ಬೀ ಕಾಗೆಗೆ ಶಾಪ ಹಾಕಿದಳು, ಬೆಕ್ಕಿಗೆ ಶಾಪ ಹಾಕಿದಳು, ಕೊನೆಗೆ ತನಗೇ ಹಾಕಿಕೊಂಡಳು. ಇಸಾಕ್ ಸಾಬ್ ಕೂಡ ಮಂಚದ ಕೆಳಗೆ ಬಗ್ಗಿ ನೋಡಿದ. ಪ್ಲೇಟು ಅವನ ಅಂಗಡಿಯಲ್ಲಿ, ದಬ್ಬಳ ಇಡುವ ತಗಡಿನ ಪೆಟ್ಟಿಗೆಯಲ್ಲಿತ್ತು.

ಯಾಕೆ ತೆಗೆದ ಎಂದರೆ ಅವನಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕೈ ಹೋಯಿತು, ತೆಗೆದುಕೊಂಡಿತು. ಒಂದು ದಿನ ಇರಲಿ ಎಂದುಕೊಂಡ, ನಾಳೆ ಸಿಕ್ಕಿತು ಎಂದು ಕೊಡೋಣ ಎಂದುಕೊಂಡ. ಮರುದಿನ ಮಗಳು ಮಾತಾಡುವಾಗ ಆ ತುಟಿ ಇನ್ನೊಂದು ಎಳೆ ಹೆಚ್ಚು ನಿಂತಿತು. ಹತ್ತು ವರ್ಷದ ಹಿಂದೆ ಮಣ್ಣು ಮಾಡಿ ಬಂದವಳು ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿರುವಾಗ ಎದ್ದುಹೋಗಿ ಬಾಗಿಲು ಹಾಕುವುದು ಅವನಿಂದಾಗಲಿಲ್ಲ.

"ಹೊಸಾದು ಮಾಡಿಸ್ಕೊಂಡು ಬರೋಣ ಅಬ್ಬಾ. ಇವತ್ತೇ ಹೋಗೋಣ."

"ಈ ವಾರ ಕೆಲಸ ಇದೆಯಮ್ಮ. ಬರೋ ವಾರ."

ಬರುವ ವಾರವೂ ಅದೇ ಮಾತು. ಆಮೇಲೆ ಮಗಳು ಕೇಳಲಿಲ್ಲ. ತಾನೇ ಕಳೆದವಳು ಎಂಬ ಅಪರಾಧ ಅವಳ ಬಾಯಿ ಕಟ್ಟಿತ್ತು. ಇಸಾಕ್ ದಿನಕ್ಕೆ ಐದು ಹೊತ್ತು ಮಸೀದಿಗೆ ಹೋಗುತ್ತಿದ್ದ. ಎಲ್ಲ ಬಲ್ಲವನ ಮುಂದೆ ಹಣೆ ನೆಲಕ್ಕಿಡುತ್ತಿದ್ದ. ಏಳುವಾಗ ಹಣೆ ಹಗುರವಾಗುತ್ತಿರಲಿಲ್ಲ.

ಪ್ಲೇಟು ಕಾಣೆಯಾದ ಹದಿನಾರನೇ ದಿನ, ಆಷಾಢದ ಗಾಳಿ ಬೀಸುತ್ತಿದ್ದ ಬೆಳಗ್ಗೆ, ನಿಟ್ಟೂರಿನ ಹಾದಿಯ ತೋಟದ ಮನೆಯೊಂದಕ್ಕೆ ಕೆಲಸಕ್ಕೆ ಹೊರಟವನು ಶಾಲೆಯ ಮುಂದೆ ಸೈಕಲ್ ನಿಧಾನ ಮಾಡಿದ. ಸುದ್ದಿ ಓದುತ್ತಿದ್ದದ್ದು ಬೇರೆ ಯಾವುದೋ ಹುಡುಗಿಯ ದನಿ. ಮೆಹರ್ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಬಲಗೈ ಬಾಯಿಯ ಮೇಲಿತ್ತು.

ತೋಟದ ಮನೆಯ ಭದ್ರಮ್ಮ ಜಗಲಿಯ ಮೇಲೆ ಜೋಡಿ ಹಾಸಿಗೆ ಹಾಸಿಟ್ಟಿದ್ದಳು. ಗಂಡ ಚಿಕ್ಕರಂಗಯ್ಯ ತೀರಿಹೋಗಿ ವರ್ಷವಾಗಿತ್ತು. ಹಾಸಿಗೆಯ ಎಡಗಡೆ ಅವನು ಮಲಗಿ ಮಲಗಿ ಆದ ಹಳ್ಳ ಹಾಗೇ ಇತ್ತು. ಹೆಗಲು ಎಲ್ಲಿ, ಸೊಂಟ ಎಲ್ಲಿ ಎಂದು ತೋರಿಸಬಹುದಾಗಿತ್ತು. ಇಸಾಕ್ ಅದರ ಮೇಲೆ ಕೈ ಇಟ್ಟ. ಎಂದೂ ಕೇಳದ ಮಾತು ಕೇಳಿದ.

"ಅಮ್ಮ, ಬೇಕಾದ್ರೆ ಈ ಕಡೆ ಹಂಗೇ ಬಿಡ್ತೀನಿ. ನೀವು ಮಲಗೋ ಕಡೆ ಮಾತ್ರ ಬಿಚ್ಚಿ ಹಿಂಜಿ ಕೊಡ್ತೀನಿ."

"ಯಾಕೆ ಸಾಬ್ರೇ, ಅರ್ಧ ಕೆಲಸಕ್ಕೆ ಬಂದ್ಯಾ?" ಎಂದು ನಕ್ಕ ಭದ್ರಮ್ಮ, ಅವನ ಮುಖ ನೋಡಿ ನಗು ನಿಲ್ಲಿಸಿದಳು. ಕಂಬಕ್ಕೆ ಒರಗಿ ಕೂತಳು.

"ನಂಗೂ ಅಂಗೇ ಅನ್ನಿಸ್ತಿತ್ತು ಕಣಪ್ಪ. ವರ್ಷ ಪೂರ್ತಿ ಮುಟ್ಟಕೆ ಬಿಟ್ಟಿಲ್ಲ ಯಾರಿಗೂ. ಕೈ ಚಾಚಿದ್ರೆ ಅವ್ರು ಮನಗಿದ್ ಜಾಗ ಸಿಕ್ತಿತ್ತು. ಆದ್ರೆ ಈಗ ಮೊಮ್ಮಗಳು ನನ್ ಪಕ್ಕದಾಗೆ ಮನೀಕಂತದೆ. ನಿದ್ದೆಗಣ್ಣಾಗೆ ಉಳ್ಳಾಡ್ತಾ ಹೋಗಿ ಆ ಹಳ್ಳಕ್ಕೆ ಬೀಳ್ತದೆ. ಎದ್ರೆ ಕತ್ತು ನೋವು ಅಂತದೆ. ಅದಕ್ಕೇನು ಗೊತ್ತು, ತಾತಂದು ಅಂತ? ಹೋದೋರ ಹಳ್ಳಕ್ಕೆ ಇರೋ ಮಗು ಯಾಕೆ ಬೀಳ್ಬೇಕು. ಬಿಚ್ಚು ಸಾಬ್ರೇ. ಚೆನ್ನಾಗಿ ಹೊಡಿ."

ಅವನು ಹೊಲಿಗೆ ಬಿಚ್ಚಿ ಹತ್ತಿ ಹೊರಗೆಳೆದ. ಬಿಲ್ಲಿನ ತಂತಿಗೆ ಕೊಡತಿಯ ಮೊದಲ ಪೆಟ್ಟು ಬಿದ್ದು ಹತ್ತಿ ಎದ್ದಾಗ ಭದ್ರಮ್ಮ ಮುಖ ತೋಟದ ಕಡೆ ತಿರುಗಿಸಿದಳು. ಅವಳ ಹೆಗಲು ಅಲುಗುತ್ತಿತ್ತು. ಇಸಾಕ್ ನಿಲ್ಲಿಸಲಿಲ್ಲ.

ಆ ಹತ್ತಿಯ ನಡುವೆ ಅವನಿಗೆ ಖುರ್ಷಿದಾ ನೆನಪಾದಳು. ಮುಖವಲ್ಲ, ಒಂದು ಕೈ. ಮದುವೆಯಾಗಿ ಬಂದ ಹೊಸತರಲ್ಲಿ ಯಾರೇ ಮನೆಗೆ ಬಂದರೂ ಸೆರಗಿನ ಸಮೇತ ಬಾಯಿಗೆ ಅಡ್ಡ ಹೋಗುತ್ತಿದ್ದ ಕೈ. "ನಿಮ್ಮೆದುರಿಗೆ ಮಾತ್ರ ಕಣ್ರೀ ನಾನು ಬಾಯ್ತುಂಬ ನಗೋದು" ಎಂದಿದ್ದಳು. ಅದು ತನ್ನ ಮೇಲಿನ ಪ್ರೀತಿಯೆಂದು ಅವನು ಹಿಗ್ಗಿದ್ದ. ಪ್ರೀತಿಯೇ ಹೌದು. ಆದರೆ ಮಿಕ್ಕ ಜಗತ್ತಿನ ಎದುರಿಗೆ ಅವಳು ನಗಲೇ ಇಲ್ಲ ಎಂಬುದನ್ನು ಅವನು ಎಣಿಸಿರಲಿಲ್ಲ. ಮೆಹರ್ ಹೊಟ್ಟೆಯಲ್ಲಿದ್ದಾಗ ಇನ್ನೊಂದು ಮಾತು ಹೇಳಿದ್ದಳು, ಅಕ್ಕಿ ಆರಿಸುತ್ತಾ, ಮುಖ ಎತ್ತದೆ: "ಹೆಣ್ಣಾದ್ರೆ ಎಲ್ಲಾ ನನ್ನ ಹಾಗೇ ಇರ್ಲಿ. ಹಲ್ಲು ಮಾತ್ರ ನಿಮ್ಮದು ಬರ್ಲಿ ಅಂತ ದುವಾ ಮಾಡಿ. ಮಾಡ್ತೀರಾ?" ಅವನು ನಕ್ಕು, ಮಾಡ್ತೀನಿ ಬಿಡು ಎಂದಿದ್ದ. ಮಾಡಿರಲಿಲ್ಲ. ಮುಖಕ್ಕಾಗಿ ಇಷ್ಟು ವರ್ಷ ಹುಡುಕಿದವನಿಗೆ ಆ ಮಾತು ಒಂದು ಸಲವೂ ನೆನಪಿಗೆ ಬಂದಿರಲಿಲ್ಲ.

ಹಾಸಿಗೆ ಸಮವಾಗಿ ತುಂಬಿ, ಹೊಲಿದು, ಕೈಯಲ್ಲಿ ಸವರಿ ನೋಡಿ ಅವನು ಅಲ್ಲಿಂದ ಹೊರಟ. ಎದುರುಗಾಳಿಗೆ ಸೈಕಲ್ ಏರುತ್ತಿರಲಿಲ್ಲ. ಇಳಿದು ತಳ್ಳಿಕೊಂಡು ಬಂದ. ಅಂಗಡಿಯ ಬೀಗ ತೆಗೆದು, ದಬ್ಬಳದ ಪೆಟ್ಟಿಗೆ ತೆಗೆದು, ಹಿತ್ತಲಿನ ತೊಟ್ಟಿಯ ತಣ್ಣೀರಿನಲ್ಲಿ ಪ್ಲೇಟನ್ನು ಮೂರು ಸಲ ತೊಳೆದ.

ಮೆಹರ್ ಶಾಲೆಯಿಂದ ಬಂದು ನಡುಮನೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ಅಪ್ಪ ಬಂದದ್ದು ಕಂಡು ಏನೋ ಹೇಳಲು ತಲೆ ಎತ್ತಿದಳು. ಸಂಜೆಯ ಬೆಳಕು ಬಾಗಿಲಿನಿಂದ ನೇರ ಅವಳ ಮುಖದ ಮೇಲಿತ್ತು. ತುಟಿ ಸಿಕ್ಕಿಕೊಂಡು ನಿಂತು, ಇಳಿಯಿತು. ಇಸಾಕ್ ಕಣ್ಣು ಮಿಟುಕಿಸದೆ ನೋಡಿದ. ಮಣ್ಣು ಕೊಡುವ ಮುಂಚೆ ಕೊನೆಯ ಸಲ ನೋಡುವವರಂತೆ ನೋಡಿದ. ಆಮೇಲೆ ಅವಳ ಎದುರಿಗೆ ನೆಲದ ಮೇಲೆ ಕೂತು, ಪೆನ್ಸಿಲ್ ಹಿಡಿದ ಅವಳ ಕೈಯನ್ನು ಬಿಡಿಸಿ, ಜೇಬಿನಿಂದ ಪ್ಲೇಟು ತೆಗೆದ.

"ಎಲ್ಲಿ ಸಿಕ್ತು ಅಬ್ಬಾ?"

"ಕಳೆದಿರಲಿಲ್ಲಮ್ಮ. ನನ್ನ ಹತ್ರಾನೇ ಇತ್ತು" ಎಂದ ಇಸಾಕ್ ಸಾಬ್, ಪ್ಲೇಟನ್ನು ಮಗಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ.